ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ, ಎಷ್ಟು ಹೊತ್ತು?

ನಮ್ಮಲ್ಲಿ ಅರ್ಧ ಜನ ಇನ್ನೆರಡು ಮೂರು ವರ್ಷದಲ್ಲಿ ಎಂಎಸ್ ಅಂತಲೋ ಕೆಲಸ ಅಂತಲೋ ವಿಮಾನ ಹತ್ತೋರೇ. ಉಳಿದ ಅರ್ಧ ಜನ ಇಂಟರ್ನ್‌ಶಿಪ್ಪು, ಹ್ಯಾಕಥಾನು ಅಂತ ದೆಹಲಿಗೋ ಮುಂಬೈಗೋ ಹೋಗಿ ಬರ್ತಾರೆ. ಟಿಕೆಟ್ ಬುಕ್ ಮಾಡುವಾಗ ಎಲ್ಲರೂ ನೋಡೋದು ರೇಟು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇರೋ "2 ಗಂಟೆ 50 ನಿಮಿಷ" ಅನ್ನೋದು ಎಲ್ಲಿಂದ ಬಂತು ಅಂತ ಯಾರೂ ಕೇಳೋದಿಲ್ಲ. ಬೆಂಗಳೂರಿಂದ ದೆಹಲಿಗೆ ಆಕಾಶದಲ್ಲಿ 1,700 ಕಿಲೋಮೀಟರ್. ಏರ್‌ಬಸ್ ಎ320 ವಿಮಾನದ ವೇಗ ಗಂಟೆಗೆ ಸುಮಾರು 830 ಕಿ.ಮೀ. ಭಾಗಿಸಿದರೆ ಎರಡು ಗಂಟೆ ಮೂರು ನಿಮಿಷ. ಹಾಗಾದರೆ ಮಿಕ್ಕ ಮುಕ್ಕಾಲು ಗಂಟೆ ಎಲ್ಲಿ ಹೋಯ್ತು? ಇನ್ನೊಂದು ಪ್ರಶ್ನೆಯೂ ಇದೆ: ಆ 1,700 ಅನ್ನೋ ಸಂಖ್ಯೆಯನ್ನು ಅಳೆದವರು ಯಾರು, ಹೇಗೆ?

ಮೊದಲು ದೂರದ ವಿಷಯ ಮುಗಿಸೋಣ. ಬೆಂಗಳೂರು ಮತ್ತು ದೆಹಲಿ ನಮಗೆ ಒಂದು ಉಪಕಾರ ಮಾಡಿವೆ. ಎರಡೂ ಹೆಚ್ಚು ಕಡಿಮೆ ಒಂದೇ ರೇಖಾಂಶದ ಮೇಲೆ ಕೂತಿವೆ. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣ ಸುಮಾರು 77.7 ಡಿಗ್ರಿ ಪೂರ್ವದಲ್ಲಿ, ದೆಹಲಿಯದು 77.1 ಡಿಗ್ರಿಯಲ್ಲಿ. ಹಾಗಾಗಿ ಲೆಕ್ಕಕ್ಕೆ ಅಕ್ಷಾಂಶದ ವ್ಯತ್ಯಾಸ ಒಂದೇ ಸಾಕು: 28.56 ಕಳೆ 13.20, ಅಂದರೆ 15.36 ಡಿಗ್ರಿ. ಉತ್ತರ-ದಕ್ಷಿಣಕ್ಕೆ ಒಂದು ಡಿಗ್ರಿ ಅಂದರೆ ಸುಮಾರು 111 ಕಿ.ಮೀ. ಗುಣಿಸಿದರೆ 1,705. ಕ್ಯಾಲ್ಕ್ಯುಲೇಟರ್ ಇಲ್ಲದೆ, ನೋಟ್‌ಬುಕ್ಕಿನ ಮೂಲೆಯಲ್ಲಿ ಮಾಡಿದ ಲೆಕ್ಕ ಇಷ್ಟು ಹತ್ತಿರ ಬರುತ್ತೆ.

ಪೈಲಟ್‌ಗಳು ಕಿಲೋಮೀಟರಿನಲ್ಲಿ ಮಾತಾಡೋದಿಲ್ಲ, ನಾಟಿಕಲ್ ಮೈಲಿನಲ್ಲಿ ಮಾತಾಡ್ತಾರೆ. ಇದು ಬ್ರಿಟಿಷರು ಬಿಟ್ಟುಹೋದ ಹಳೇ ಚಾಳಿ ಅಂದುಕೊಳ್ಳಬೇಡಿ, ಇದರ ಹಿಂದೆ ಒಳ್ಳೇ ಕಾರಣ ಇದೆ. ಒಂದು ಡಿಗ್ರಿಯಲ್ಲಿ 60 ನಿಮಿಷ. ಆ ಒಂದು ನಿಮಿಷ ಅಕ್ಷಾಂಶಕ್ಕೆ ಭೂಮಿ ಮೇಲೆ ಎಷ್ಟು ದೂರವೋ ಅದೇ ಒಂದು ನಾಟಿಕಲ್ ಮೈಲು, 1.852 ಕಿ.ಮೀ. ಅಂದರೆ ಕೋನ ಗೊತ್ತಾದರೆ ಅದನ್ನು 60ರಿಂದ ಗುಣಿಸಿ, ದೂರ ಸಿಕ್ಕಿತು. ಭೂಮಿಯ ತ್ರಿಜ್ಯ ನೆನಪಿಟ್ಟುಕೊಳ್ಳುವ ತಾಪತ್ರಯವೇ ಇಲ್ಲ. ದೆಹಲಿಗೆ 15.36 ಗುಣಿಸು 60, ಸುಮಾರು 921 ನಾಟಿಕಲ್ ಮೈಲು. ಗಂಟೆಗೆ ಒಂದು ನಾಟಿಕಲ್ ಮೈಲು ಹೋದರೆ ಅದು ಒಂದು ನಾಟ್ ವೇಗ.

ಯೂನಿಟ್ ಬರೆಯದಿದ್ದರೆ ಅರ್ಧ ಮಾರ್ಕ್ಸ್ ಕಟ್ ಆಗುತ್ತೆ ಅಂತ ಬೈದುಕೊಳ್ಳೋರಿಗೆ ಇಲ್ಲೇ ಒಂದು ಕಥೆ ಹೇಳಿಬಿಡ್ತೀವಿ. 1983ರ ಜುಲೈ 23ರಂದು ಏರ್ ಕೆನಡಾದ ಒಂದು ಬೋಯಿಂಗ್ 767 ಮಾಂಟ್ರಿಯಲ್‌ನಿಂದ ಎಡ್ಮಂಟನ್‌ಗೆ ಹೊರಟಿತ್ತು. ಕೆನಡಾ ಆಗಷ್ಟೇ ಮೆಟ್ರಿಕ್ ಪದ್ಧತಿಗೆ ಬದಲಾಗ್ತಿದ್ದ ಕಾಲ. ಬೇಕಿದ್ದದ್ದು 22,300 ಕಿಲೋಗ್ರಾಂ ಇಂಧನ. ಲೆಕ್ಕ ಹಾಕುವಾಗ ಬಳಸಿದ ಸಾಂದ್ರತೆ ಪೌಂಡಿನದ್ದು. ಹಾಗಾಗಿ ಟ್ಯಾಂಕಿನಲ್ಲಿ ಇದ್ದದ್ದು 22,300 ಪೌಂಡ್, ಅಂದರೆ ಬೇಕಾದ್ದರ ಅರ್ಧಕ್ಕಿಂತ ಕಮ್ಮಿ. ಆಕಾಶದಲ್ಲೇ ಎರಡೂ ಎಂಜಿನ್ ಆರಿಹೋದವು. ಕ್ಯಾಪ್ಟನ್ ಬಾಬ್ ಪಿಯರ್ಸನ್ ಅಷ್ಟು ದೊಡ್ಡ ವಿಮಾನವನ್ನು ಗ್ಲೈಡರ್ ಥರ ತೇಲಿಸಿಕೊಂಡು ಬಂದು, ಗಿಮ್ಲಿ ಅನ್ನೋ ಊರಿನ ಹಳೇ ವಾಯುನೆಲೆಯ ರನ್‌ವೇ ಮೇಲೆ ಇಳಿಸಿದರು. ಆ ರನ್‌ವೇಯನ್ನು ಆಗ ಕಾರ್ ರೇಸಿಗೆ ಬಳಸ್ತಿದ್ರು. ಒಬ್ಬರ ಜೀವವೂ ಹೋಗಲಿಲ್ಲ. ಲೆಕ್ಕ ತಪ್ಪಿದ್ದು ಒಂದೇ ಒಂದು ಗುಣಕದಲ್ಲಿ.

ಮ್ಯಾಪ್ ಹೇಳುವ ಸುಳ್ಳು

ಈಗ ದೊಡ್ಡ ದಾರಿಗೆ ಬರೋಣ. ಗೋಡೆ ಮೇಲಿನ ವಿಶ್ವ ಭೂಪಟದಲ್ಲಿ ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ಸ್ಕೇಲ್ ಇಟ್ಟು, ಪೆಸಿಫಿಕ್ ಸಾಗರ ದಾಟಿಸಿ ಒಂದು ಗೆರೆ ಎಳೆಯಿರಿ. ಅದೇ ಹತ್ತಿರದ ದಾರಿ ಅಂತ ಯಾರಿಗಾದರೂ ಅನ್ನಿಸುತ್ತೆ. ಆ ಗೆರೆ ಮೇಲೇ ಹೋದರೆ ಸುಮಾರು 16,100 ಕಿ.ಮೀ. ಆಗುತ್ತೆ. ನಿಜವಾದ ಹತ್ತಿರದ ದಾರಿ 14,000 ಕಿ.ಮೀ. ಸ್ಕೇಲ್ ನಂಬಿದರೆ 2,100 ಕಿ.ಮೀ. ದಂಡ, ಅಂದರೆ ಇಲ್ಲಿಂದ ದೆಹಲಿಗೆ ಹೋಗಿ ಇನ್ನೂ 400 ಕಿ.ಮೀ. ಮುಂದೆ ಹೋದಷ್ಟು.

ತಪ್ಪು ಸ್ಕೇಲಿನದ್ದಲ್ಲ, ಮ್ಯಾಪಿನದ್ದು. ಮರ್ಕೇಟರ್ ಅನ್ನೋ ಭೂಪಟಕಾರ 1569ರಲ್ಲಿ ಮಾಡಿದ ಆ ನಕ್ಷೆ ಹಡಗಿನವರಿಗಾಗಿ ಮಾಡಿದ್ದು. ಅದರಲ್ಲಿ ಗೆರೆ ಎಳೆದು, ದಿಕ್ಸೂಚಿಯ ಕೋನವನ್ನು ಬದಲಾಯಿಸದೆ ಹೋಗ್ತಾ ಇದ್ದರೆ ಸೇರಬೇಕಾದ ಕಡೆ ಸೇರ್ತೀರಿ. ಆ ಸೌಕರ್ಯಕ್ಕಾಗಿ ಧ್ರುವದ ಕಡೆ ಇರೋದನ್ನೆಲ್ಲ ಹಿಗ್ಗಿಸಿದ್ದಾರೆ. ಗ್ರೀನ್‌ಲ್ಯಾಂಡ್ ಅದರಲ್ಲಿ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತೆ. ನಿಜದಲ್ಲಿ ಆಫ್ರಿಕಾ ಅದರ ಹದಿನಾಲ್ಕು ಪಟ್ಟು.

ಗ್ಲೋಬ್ ಇಲ್ಲದವರು ಮೆಸ್ಸಿಂದ ಒಂದು ಮೂಸಂಬಿ ತನ್ನಿ. ಪೆನ್ನಿನಲ್ಲಿ ಎರಡು ಚುಕ್ಕೆ ಇಡಿ: ಒಂದು ನಡುಪಟ್ಟಿಗಿಂತ ಸ್ವಲ್ಪ ಮೇಲೆ, ಅದು ಬೆಂಗಳೂರು. ಇನ್ನೊಂದು ಹಣ್ಣಿನ ಆಚೆ ಬದಿಯಲ್ಲಿ, ಇನ್ನೂ ಮೇಲಕ್ಕೆ, ಅದು ಸ್ಯಾನ್ ಫ್ರಾನ್ಸಿಸ್ಕೋ. ಎರಡರ ನಡುವೆ ದಾರ ಹಿಡಿದು ಬಿಗಿಯಾಗಿ ಎಳೆಯಿರಿ. ದಾರ ಪಕ್ಕದಿಂದ ಸುತ್ತಿಕೊಂಡು ಹೋಗಲ್ಲ, ತೊಟ್ಟಿನ ಕಡೆಗೆ ಜಾರುತ್ತೆ. ಆ ದಾರವೇ ಮಹಾವೃತ್ತದ ದಾರಿ. ಚೆಂಡಿನ ಕೇಂದ್ರದ ಮೂಲಕ ಹಾದುಹೋಗುವ ಹಾಗೆ ಚಾಕುವಿನಿಂದ ಕೊಯ್ದರೆ ಅಂಚಿನಲ್ಲಿ ಮೂಡುವ ವೃತ್ತದ ತುಂಡು ಅದು.

ಲೆಕ್ಕ ಬೇಕಾದವರಿಗೆ ಲೆಕ್ಕವೂ ಇದೆ. ಎರಡೂ ಊರಿನ ಅಕ್ಷಾಂಶ 13.2 ಮತ್ತು 37.6, ರೇಖಾಂಶದ ವ್ಯತ್ಯಾಸ 159.9 ಡಿಗ್ರಿ. ಎರಡು ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ. ಎರಡರ ಕೊಸೈನ್‌ಗಳನ್ನೂ ಗುಣಿಸಿ, ಅದಕ್ಕೆ ರೇಖಾಂಶದ ವ್ಯತ್ಯಾಸದ ಕೊಸೈನ್ ಸೇರಿಸಿ ಮತ್ತೆ ಗುಣಿಸಿ. ಬಂದ ಎರಡನ್ನೂ ಕೂಡಿದರೆ ಮೈನಸ್ 0.585 ಬರುತ್ತೆ. ಇದು ಯಾವ ಕೋನದ ಕೊಸೈನ್? 125.8 ಡಿಗ್ರಿಯದ್ದು. ಭೂಮಿಯ ಕೇಂದ್ರದಲ್ಲಿ ನಿಂತು ನೋಡಿದರೆ ಎರಡು ಊರಿನ ನಡುವೆ ಕಾಣುವ ಕೋನ ಅದು. 60ರಿಂದ ಗುಣಿಸಿದರೆ 7,548 ನಾಟಿಕಲ್ ಮೈಲು, ಕಿಲೋಮೀಟರಿಗೆ ಬದಲಾಯಿಸಿದರೆ ಸುಮಾರು 13,980. ಭೂಮಿ ಪೂರ್ತಿ ಗುಂಡಗಿಲ್ಲ, ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆ. ಅದರಿಂದ ಹತ್ತಿಪ್ಪತ್ತು ಕಿ.ಮೀ. ಆಚೀಚೆ ಆಗುತ್ತೆ, ಅಷ್ಟೇ.

ಸಿಎಸ್ ಬ್ರಾಂಚಿನವರಿಗೆ ಒಂದು ಕಿವಿಮಾತು. ಈ ಸೂತ್ರವನ್ನು ಹಾಗೇ ಕೋಡ್ ಮಾಡಿ ಊರೊಳಗಿನ ದೂರ ಅಳೆಯಬೇಡಿ. ಒಂದು ಕಿ.ಮೀ. ಅಂತರದ ಎರಡು ಬಸ್ ಸ್ಟಾಪ್ ಕೊಟ್ಟರೆ ಕೋನ ಎಷ್ಟು ಚಿಕ್ಕದು ಅಂದರೆ ಅದರ ಕೊಸೈನ್ 32 ಬಿಟ್ ಫ್ಲೋಟಿನಲ್ಲಿ ಸರಿಯಾಗಿ 1 ಆಗಿಬಿಡುತ್ತೆ, ಉತ್ತರ ಸೊನ್ನೆ ಬರುತ್ತೆ. ಇದಕ್ಕೇ ಜನ ಹ್ಯಾವರ್‌ಸೈನ್ ಸೂತ್ರ ಬಳಸೋದು. ಅದು ಅರ್ಧ ಕೋನದ ಸೈನ್ ಮೇಲೆ ನಡೆಯುತ್ತೆ, ಚಿಕ್ಕ ಕೋನದ ಸೈನ್ ಚಿಕ್ಕದಾಗೇ ಉಳಿಯುತ್ತೆ, ಮಾಯ ಆಗಲ್ಲ. ಗಣಿತದಲ್ಲಿ ಎರಡೂ ಒಂದೇ, ಮೆಷಿನ್ನಿನಲ್ಲಿ ಬೇರೆ ಬೇರೆ.

ಹತ್ತಿರ ಅಂತ ಹೋಗೋಕಾಗಲ್ಲ

ಆ ದಾರದ ದಾರಿ ಎಲ್ಲೆಲ್ಲಿ ಹಾದುಹೋಗುತ್ತೆ ಅಂತ ನಾವು ಲೆಕ್ಕ ಹಾಕಿದೆವು. ಬೆಂಗಳೂರಿಂದ ಉತ್ತರಕ್ಕೆ, ಸ್ವಲ್ಪವೇ ಪೂರ್ವಕ್ಕೆ ವಾಲಿಕೊಂಡು ಹೊರಡುತ್ತೆ. ನೇಪಾಳ, ಟಿಬೆಟ್, ಆಮೇಲೆ ಸೈಬೀರಿಯಾ, 71 ಡಿಗ್ರಿ ಉತ್ತರದವರೆಗೆ ಹತ್ತಿ ಆರ್ಕ್ಟಿಕ್ ಸಾಗರದ ಅಂಚು, ಅಲ್ಲಿಂದ ಅಲಾಸ್ಕಾ ಮೇಲಿಂದ ಇಳಿದು ಕ್ಯಾಲಿಫೋರ್ನಿಯಾ. ಅಮೆರಿಕಕ್ಕೆ ಹೋಗೋಕೆ ಪೂರ್ವಕ್ಕೆ ಹೋಗಬೇಕಾ ಪಶ್ಚಿಮಕ್ಕಾ ಅಂತ ಕ್ಯಾಂಟೀನಲ್ಲಿ ವಾದ ಮಾಡೋರಿಗೆ ಉತ್ತರ ಇದು: ಉತ್ತರಕ್ಕೆ.

ಆದರೆ ಟಿಬೆಟ್ ಮೇಲೆ ವಿಮಾನಗಳು ಸಾಮಾನ್ಯವಾಗಿ ಹೋಗೋದಿಲ್ಲ. ಬೆಟ್ಟಕ್ಕೆ ಡಿಕ್ಕಿ ಹೊಡೆಯುತ್ತೆ ಅಂತಲ್ಲ, ವಿಮಾನ ಹತ್ತು ಹನ್ನೊಂದು ಕಿ.ಮೀ. ಎತ್ತರದಲ್ಲಿ ಇರುತ್ತೆ. ಸಮಸ್ಯೆ ಬರೋದು ಕ್ಯಾಬಿನ್ನಿನ ಗಾಳಿಯ ಒತ್ತಡ ಹೋದರೆ. ತಲೆ ಮೇಲಿಂದ ಬೀಳುವ ಆ ಹಳದಿ ಮಾಸ್ಕ್‌ಗಳಲ್ಲಿ ಆಮ್ಲಜನಕ ಬರೋದು ಸುಮಾರು ಹನ್ನೆರಡರಿಂದ ಇಪ್ಪತ್ತು ನಿಮಿಷ ಮಾತ್ರ. ಅಷ್ಟರೊಳಗೆ ಪೈಲಟ್ 10,000 ಅಡಿಗೆ, ಅಂದರೆ ಮೂರು ಕಿ.ಮೀ. ಎತ್ತರಕ್ಕೆ ಇಳಿಸಬೇಕು, ಅಲ್ಲಿ ಮಾಸ್ಕ್ ಇಲ್ಲದೆ ಉಸಿರಾಡಬಹುದು. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರವೇ ನಾಲ್ಕೂವರೆ ಕಿ.ಮೀ. ಇಳಿಯೋದು ಎಲ್ಲಿಗೆ? ನೆಲವೇ ಮೇಲಿದೆ.

ಎರಡು ಎಂಜಿನ್ನಿನ ವಿಮಾನಕ್ಕೆ ಇನ್ನೊಂದು ಕಟ್ಟು ಇದೆ. ಒಂದು ಎಂಜಿನ್ ಕೆಟ್ಟರೆ ಇನ್ನೊಂದರಲ್ಲೇ ನಿಗದಿತ ಸಮಯದೊಳಗೆ ಮುಟ್ಟಬಲ್ಲ ನಿಲ್ದಾಣ ದಾರಿಯುದ್ದಕ್ಕೂ ಇರಬೇಕು. ಇನ್ನು ದೇಶಗಳ ಜಗಳ. ಪಾಕಿಸ್ತಾನ 2019ರ ಫೆಬ್ರವರಿಯಿಂದ ಜುಲೈವರೆಗೆ ತನ್ನ ವಾಯುಮಾರ್ಗ ಮುಚ್ಚಿತ್ತು. 2025ರ ಏಪ್ರಿಲ್‌ನಲ್ಲಿ ಭಾರತೀಯ ವಿಮಾನಗಳಿಗೆ ಮತ್ತೆ ಮುಚ್ಚಿತು. ದೆಹಲಿಯಿಂದ ಯುರೋಪಿಗೆ ಹೋಗುವ ವಿಮಾನಗಳು ಅರಬ್ಬಿ ಸಮುದ್ರದ ಕಡೆಯಿಂದ ಸುತ್ತು ಹಾಕಬೇಕಾಯ್ತು. ಎರಡು ಊರಿನ ಅಕ್ಷಾಂಶ, ರೇಖಾಂಶ ಏನೂ ಬದಲಾಗಿಲ್ಲ, ಆದರೂ ದೂರ ಜಾಸ್ತಿ ಆಯ್ತು!

ಏರ್ ಇಂಡಿಯಾ ಬೆಂಗಳೂರು-ಸ್ಯಾನ್ ಫ್ರಾನ್ಸಿಸ್ಕೋ ನಡುವೆ ಎಲ್ಲೂ ನಿಲ್ಲದ ವಿಮಾನ ಶುರು ಮಾಡಿದ್ದು 2021ರ ಜನವರಿಯಲ್ಲಿ. ಮೊದಲ ವಿಮಾನ ಅಲ್ಲಿಂದ ಇಲ್ಲಿಗೆ ಬಂತು. ಕಾಕ್‌ಪಿಟ್‌ನಲ್ಲಿ ಇದ್ದ ನಾಲ್ವರೂ ಮಹಿಳೆಯರು, ಮುಂದಾಳು ಕ್ಯಾಪ್ಟನ್ ಜೋಯಾ ಅಗರ್ವಾಲ್. ಬೋಯಿಂಗ್ 777 ಉತ್ತರ ಧ್ರುವದ ಮೇಲಿನ ದಾರಿ ಹಿಡಿದು ಸುಮಾರು 17 ಗಂಟೆಯಲ್ಲಿ ದೇವನಹಳ್ಳಿಯಲ್ಲಿ ಇಳಿಯಿತು. ಹೊರಟಿದ್ದು 9ನೇ ತಾರೀಖು ರಾತ್ರಿ, ಇಳಿದದ್ದು 11ರ ಬೆಳಗಿನ ಜಾವ. ತಾರೀಖು ನೋಡಿ ಎರಡು ದಿನ ಹಾರಿದರು ಅಂದುಕೊಳ್ಳಬೇಡಿ. ಚಳಿಗಾಲದಲ್ಲಿ ನಾವು ಕ್ಯಾಲಿಫೋರ್ನಿಯಾಗಿಂತ ಹದಿಮೂರೂವರೆ ಗಂಟೆ ಮುಂದೆ ಇದ್ದೀವಿ, ಬೇಸಿಗೆಯಲ್ಲಿ ಅವರು ಗಡಿಯಾರ ತಿರುಗಿಸೋದರಿಂದ ಹನ್ನೆರಡೂವರೆ. ಅದೇ ಇಲ್ಲಿಂದ ಹೋಗುವಾಗ ಉಲ್ಟಾ: ಚಳಿಗಾಲದಲ್ಲಿ ಮಧ್ಯಾಹ್ನ ಎರಡೂವರೆಗೆ ಹೊರಟು 16 ಗಂಟೆ ಹಾರಿದರೆ ಅಲ್ಲಿ ಅದೇ ದಿನ ಸಂಜೆ ಐದು ಗಂಟೆ. ಗಡಿಯಾರದ ಪ್ರಕಾರ ಬರೀ ಎರಡೂವರೆ ಗಂಟೆಯ ಪ್ರಯಾಣ. ಬೆನ್ನು ಮಾತ್ರ ನಿಜ ಹೇಳುತ್ತೆ.

ಗಾಳಿ

"ಭೂಮಿ ಪೂರ್ವಕ್ಕೆ ತಿರುಗ್ತಿದೆ, ಹಾಗಾದರೆ ವಿಮಾನ ಸುಮ್ಮನೆ ಮೇಲೆ ನಿಂತುಕೊಂಡರೆ ಅಮೆರಿಕವೇ ಕೆಳಗೆ ಬರಬೇಕಲ್ವಾ?" ಇದು ಪ್ರತಿ ವರ್ಷ ಯಾರೋ ಒಬ್ಬರು ಕೇಳುವ ಪ್ರಶ್ನೆ, ಕೇಳಿದವರನ್ನು ನಗೋದು ಬೇಡ. ಬೆಂಗಳೂರಿನ ಅಕ್ಷಾಂಶದಲ್ಲಿ ನೆಲ ಗಂಟೆಗೆ ಸುಮಾರು 1,626 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಓಡ್ತಿದೆ, ಸೆಕೆಂಡಿಗೆ 450 ಮೀಟರ್. ಆ ವಾದ ನಿಜ ಆಗಿದ್ದರೆ ಕ್ಲಾಸಲ್ಲಿ ಒಂದು ಸೆಕೆಂಡ್ ಮೇಲಕ್ಕೆ ಜಿಗಿದವನು ಕಾಂಪೌಂಡ್ ಆಚೆ ಬೀಳಬೇಕಿತ್ತು. ಬೀಳಲ್ಲ, ಯಾಕಂದ್ರೆ ಅವನೂ ಅದೇ ವೇಗದಲ್ಲಿ ಓಡ್ತಿದ್ದಾನೆ. ಗಾಳಿಯೂ, ವಿಮಾನವೂ ಅಷ್ಟೇ.

ಆದರೂ ಭೂಮಿಯ ತಿರುಗಾಟಕ್ಕೂ ಹಾರುವ ಸಮಯಕ್ಕೂ ಸಂಬಂಧ ಇದೆ, ಅದು ಬಳಸುದಾರಿಯಲ್ಲಿ ಬರುತ್ತೆ. ಸಮಭಾಜಕದ ಹತ್ತಿರ ಬಿಸಿಯಾದ ಗಾಳಿ ಮೇಲಕ್ಕೇರಿ ಧ್ರುವದ ಕಡೆ ಹೊರಡುತ್ತೆ. ಹೋಗ್ತಾ ಹೋಗ್ತಾ ಭೂಮಿಯ ಅಕ್ಷಕ್ಕೆ ಹತ್ತಿರ ಆಗುತ್ತೆ. ತಿರುಗುವ ಕುರ್ಚಿಯಲ್ಲಿ ಕೂತವರು ಚಾಚಿದ ಕೈ ಒಳಗೆಳೆದುಕೊಂಡರೆ ಜೋರಾಗಿ ತಿರುಗ್ತಾರಲ್ಲ, ಅದೇ ಕೋನೀಯ ಸಂವೇಗದ ನಿಯಮ ಇಲ್ಲೂ. ಗಾಳಿ ನೆಲಕ್ಕಿಂತ ಜೋರಾಗಿ ಪೂರ್ವಕ್ಕೆ ಓಡೋಕೆ ಶುರು ಮಾಡುತ್ತೆ. ಹತ್ತು ಹನ್ನೆರಡು ಕಿ.ಮೀ. ಎತ್ತರದಲ್ಲಿ ಇದು ನದಿಯ ಹಾಗೆ ಹರಿಯುತ್ತೆ. ಅದೇ ಜೆಟ್ ಸ್ಟ್ರೀಮ್. ವೇಗ ಗಂಟೆಗೆ 200 ಕಿ.ಮೀ. ದಾಟೋದು ಅಪರೂಪವಲ್ಲ. ಚಳಿಗಾಲದಲ್ಲಿ ಅದರ ಒಂದು ಕವಲು ಉತ್ತರ ಭಾರತದ ಮೇಲೇ ಹರಿಯುತ್ತೆ. ಆಗ ದೆಹಲಿಯಿಂದ ಗುವಾಹಟಿಗೆ ಹೋದಷ್ಟು ಬೇಗ ವಾಪಸ್ ಬರೋಕಾಗಲ್ಲ.

2020ರ ಫೆಬ್ರವರಿಯಲ್ಲಿ ಚಂಡಮಾರುತದ ಸಮಯದಲ್ಲಿ ಬ್ರಿಟಿಷ್ ಏರ್‌ವೇಸಿನ ಒಂದು ಬೋಯಿಂಗ್ 747 ನ್ಯೂಯಾರ್ಕಿನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಬಂತು. ನೆಲಕ್ಕೆ ಹೋಲಿಸಿದರೆ ಅದರ ವೇಗ ಒಂದು ಹಂತದಲ್ಲಿ ಗಂಟೆಗೆ 1,300 ಕಿ.ಮೀ. ಮುಟ್ಟಿತ್ತು, ಶಬ್ದದ ವೇಗಕ್ಕಿಂತ ಜಾಸ್ತಿ. ಆದರೆ ಶಬ್ದದ ಗೋಡೆ ಒಡೆಯಲಿಲ್ಲ, ಯಾಕಂದ್ರೆ ರೆಕ್ಕೆಗೆ ಗೊತ್ತಿರೋದು ಸುತ್ತಲಿನ ಗಾಳಿ ಮಾತ್ರ, ಕೆಳಗಿನ ನೆಲ ಅಲ್ಲ. ಆ ಗಾಳಿಯೊಳಗೆ ವಿಮಾನ ಎಂದಿನ ವೇಗದಲ್ಲೇ ಇತ್ತು. ರೈಲಿನೊಳಗೆ ನಡೆಯೋನ ಥರ.

ನಮಗೆ ಬಹಳ ಇಷ್ಟ ಆದ ಉದಾಹರಣೆ ಏರ್ ಇಂಡಿಯಾದ ದೆಹಲಿ-ಸ್ಯಾನ್ ಫ್ರಾನ್ಸಿಸ್ಕೋ ವಿಮಾನ. ಮೊದಲು ಅದು ಅಟ್ಲಾಂಟಿಕ್ ಕಡೆಯಿಂದ, ಎದುರುಗಾಳಿಯಲ್ಲಿ ಹೋಗ್ತಿತ್ತು. 2016ರ ಅಕ್ಟೋಬರ್‌ನಲ್ಲಿ ಪೆಸಿಫಿಕ್ ಕಡೆಯಿಂದ ಕಳಿಸಿದರು. ದಾರಿ 1,400 ಕಿ.ಮೀ.ಯಷ್ಟು ಉದ್ದವಾಯ್ತು, ಸುಮಾರು 15,300 ಕಿ.ಮೀ. ಸಮಯ ಮಾತ್ರ ಕಮ್ಮಿಯಾಗಿ ಹದಿನಾಲ್ಕೂವರೆ ಗಂಟೆಗೆ ಇಳಿಯಿತು. ದೂರದ ದಾರಿಯೇ ಬೇಗದ ದಾರಿ. ಹೋಗುವಾಗ ಹೀಗೆ ಸಿಕ್ಕ ಲಾಭ ಬರುವಾಗಿನ ನಷ್ಟಕ್ಕೆ ಸಮ ಆಗುತ್ತಾ ಅಂದರೆ, ಆಗಲ್ಲ. 6,000 ಕಿ.ಮೀ. ದೂರ, 900 ಕಿ.ಮೀ. ವೇಗ, 100 ಕಿ.ಮೀ. ಗಾಳಿ ಅಂತ ಇಟ್ಟುಕೊಳ್ಳಿ. ಹೋಗೋಕೆ 6 ಗಂಟೆ, ಬರೋಕೆ ಏಳೂವರೆ, ಒಟ್ಟು ಹದಿಮೂರೂವರೆ. ಗಾಳಿಯೇ ಇಲ್ಲದಿದ್ದರೆ 13 ಗಂಟೆ 20 ನಿಮಿಷ. ಎದುರುಗಾಳಿಯಲ್ಲಿ ಕಳೆಯುವ ಹೊತ್ತೇ ಜಾಸ್ತಿ ಆಗೋದರಿಂದ ಗಾಳಿ ಕೊಟ್ಟದ್ದಕ್ಕಿಂತ ಹೆಚ್ಚು ಕಿತ್ತುಕೊಳ್ಳುತ್ತೆ.

ಆಟೋ ಮೀಟರ್ ಲೆಕ್ಕ

ಕೊನೆಗೆ ಆ ಮುಕ್ಕಾಲು ಗಂಟೆ. ಟಿಕೆಟ್ಟಿನಲ್ಲಿ ಬರೆದಿರೋದು ಹಾರುವ ಸಮಯ ಅಲ್ಲ. ಗೇಟಿನಲ್ಲಿ ಚಕ್ರದ ಅಡಿಯ ತಡೆ ತೆಗೆದ ಹೊತ್ತಿನಿಂದ ಇನ್ನೊಂದು ಊರಿನ ಗೇಟಿನಲ್ಲಿ ಮತ್ತೆ ತಡೆ ಇಡುವ ಹೊತ್ತಿನವರೆಗೆ. ಇದಕ್ಕೆ ಬ್ಲಾಕ್ ಟೈಮ್ ಅಂತಾರೆ. ಹಿಂದಕ್ಕೆ ತಳ್ಳಬೇಕು, ರನ್‌ವೇವರೆಗೆ ಉರುಳಬೇಕು, ಸಾಲಿನಲ್ಲಿ ಕಾಯಬೇಕು. ದೇವನಹಳ್ಳಿಯ ಎರಡೂ ರನ್‌ವೇ ಪೂರ್ವ-ಪಶ್ಚಿಮ. ಉತ್ತರದ ದೆಹಲಿಗೆ ಹೋಗುವ ವಿಮಾನವೂ ಮೊದಲು ಕೋಲಾರದ ಕಡೆಗೋ ದೊಡ್ಡಬಳ್ಳಾಪುರದ ಕಡೆಗೋ ಮುಖ ಮಾಡಿಯೇ ಏಳಬೇಕು, ಆಮೇಲೆ ತಿರುಗಬೇಕು. 10,000 ಅಡಿಯ ಕೆಳಗೆ ಸಾಮಾನ್ಯವಾಗಿ 250 ನಾಟ್, ಅಂದರೆ ಗಂಟೆಗೆ 463 ಕಿ.ಮೀ. ಮೀರುವಂತಿಲ್ಲ. ಇಳಿಯುವಾಗಲೂ ಇದೇ ಕಥೆ, ಜೊತೆಗೆ ದೆಹಲಿಯಲ್ಲಿ ಡಿಸೆಂಬರಿನ ಮಂಜು.

ಇದೆಲ್ಲ ಆಟೋದ ಮಿನಿಮಮ್ ಚಾರ್ಜ್ ಇದ್ದ ಹಾಗೆ. ಎಷ್ಟೇ ಹತ್ತಿರ ಹೋದರೂ ಕೊಡಲೇಬೇಕು. ಮೊದಲ ಸೆಮಿಸ್ಟರಿನ ಸರಳರೇಖೆಯ ಸಮೀಕರಣದಲ್ಲಿ ಬರೆದರೆ, ದೂರವನ್ನು 830ರಿಂದ ಭಾಗಿಸಿ, ಮುಕ್ಕಾಲು ಗಂಟೆ ಕೂಡಿ. ಮುಂಬೈಗೆ 830 ಕಿ.ಮೀ.: ಒಂದು ಮುಕ್ಕಾಲು ಗಂಟೆ. ದೆಹಲಿಗೆ: 2 ಗಂಟೆ 48 ನಿಮಿಷ. ಮಂಗಳೂರಿಗೆ ಆಕಾಶದಲ್ಲಿ 305 ಕಿ.ಮೀ.: 22 ನಿಮಿಷ ಜೊತೆಗೆ 45, ಒಂದು ಗಂಟೆ ಏಳು ನಿಮಿಷ. ಟಿಕೆಟ್ ಸೈಟ್ ತೆಗೆದು ಹೋಲಿಸಿ ನೋಡಿ, ಐದು ಹತ್ತು ನಿಮಿಷದ ಒಳಗೆ ಕೂರುತ್ತೆ. ಮಂಗಳೂರಿನ ವಿಷಯದಲ್ಲಿ ಮೂರನೇ ಎರಡು ಭಾಗ ಮಿನಿಮಮ್ ಚಾರ್ಜೇ. ಅದಕ್ಕೇ ಇಂಥ ದಾರಿಗೆ ರೆಕ್ಕೆಯಲ್ಲಿ ಫ್ಯಾನ್ ತಿರುಗುವ ಎಟಿಆರ್ ವಿಮಾನ ಹಾಕಿದರೂ ನಡೆಯುತ್ತೆ. ಗಂಟೆಗೆ 500 ಕಿ.ಮೀ. ಅಂದರೂ 37 ನಿಮಿಷ, ಜೆಟ್‌ಗಿಂತ ಕಾಲು ಗಂಟೆ ಮಾತ್ರ ಹೆಚ್ಚು, ಇಂಧನ ಎಷ್ಟೋ ಕಮ್ಮಿ.

ಆ ಮುಕ್ಕಾಲು ಗಂಟೆಯಲ್ಲಿ ಸ್ವಲ್ಪ ಪಾಲು ಕಂಪನಿಗಳೇ ಬೇಕಂತ ಸೇರಿಸಿದ್ದು. ಹೇಳಿದ ಸಮಯದಿಂದ 15 ನಿಮಿಷದೊಳಗೆ ಇದ್ದರೆ ಆ ವಿಮಾನ "ಸಮಯಕ್ಕೆ ಸರಿಯಾಗಿ" ಅಂತ ಲೆಕ್ಕ, ಮತ್ತು ಆ ಅಂಕಿ ಅಂಶವನ್ನು ಡಿಜಿಸಿಎ ಪ್ರತಿ ತಿಂಗಳು ಪ್ರಕಟಿಸುತ್ತೆ. ಹಾಗಾಗಿ ವೇಳಾಪಟ್ಟಿಯಲ್ಲೇ ಹತ್ತು ಹದಿನೈದು ನಿಮಿಷ ಉಬ್ಬಿಸಿ ಇಡೋದು ಜಾಣತನ. ಅರ್ಧ ಗಂಟೆ ತಡವಾಗಿ ಹೊರಟರೂ "ಹತ್ತು ನಿಮಿಷ ಮಾತ್ರ ತಡ" ಅಂತ ಇಳಿಯೋ ಗುಟ್ಟು ಇದು, ಪೈಲಟ್ ಆಕ್ಸಿಲರೇಟರ್ ತುಳಿದದ್ದಲ್ಲ.

ಬೇರೆ ಬೇರೆ ಕಂಪನಿಯ ಎರಡು ಟಿಕೆಟ್ ತಗೊಂಡು ದೆಹಲಿಯಲ್ಲೋ ಮುಂಬೈಯಲ್ಲೋ ವಿಮಾನ ಬದಲಾಯಿಸುವವರು ಇದನ್ನು ನೆನಪಿಟ್ಟುಕೊಳ್ಳಿ. ಒಂದೇ ಟಿಕೆಟ್ಟಿನಲ್ಲಿ ಎರಡೂ ವಿಮಾನ ಇದ್ದರೆ ಮೊದಲನೆಯದು ತಡವಾದಾಗ ಮುಂದಿನದಕ್ಕೆ ಹತ್ತಿಸುವ ಜವಾಬ್ದಾರಿ ಅವರದ್ದು. ಬೇರೆ ಬೇರೆ ಆದರೆ ನಿಮ್ಮದೇ. ಅಮೆರಿಕದ ಟಿಕೆಟ್ಟಿಗೆ ಅಪ್ಪ ಸಾಲ ಮಾಡಿರ್ತಾರೆ, ಒಂದೂವರೆ ಗಂಟೆ ಗ್ಯಾಪ್ ಸಾಕು ಅಂತ ಆ್ಯಪ್ ತೋರಿಸಿರುತ್ತೆ, ಲಗೇಜ್ ಬೆಲ್ಟಿನಲ್ಲಿ ಅರ್ಧ ಗಂಟೆ, ಟರ್ಮಿನಲ್ ಬದಲಾಯಿಸೋಕೆ ಇನ್ನರ್ಧ ಗಂಟೆ. ಡಿಸೆಂಬರ್-ಜನವರಿಯಲ್ಲಿ ದೆಹಲಿ ಮೂಲಕ ಹೋಗೋದಾದರೆ ನಾವಂತೂ ಐದಾರು ಗಂಟೆ ಬಿಟ್ಟೇ ಬುಕ್ ಮಾಡ್ತೀವಿ. ಮಂಜು ಯಾವ ಸೂತ್ರಕ್ಕೂ ಸಿಗಲ್ಲ.